ಬುಧವಾರ, ಒಂದು ಸೈಕಲ್

ಹೂಕ್‌ಸ್ಟ್ರಾ ಅವರೇ,
ನಿಮ್ಮ ವಾಚು ತಲುಪಿತು, ಉಣ್ಣೆಯ ಕಾಲುಚೀಲದೊಳಗೆ,
ಕಾಲುಚೀಲ ಬಿಸ್ಕತ್ತಿನ ಡಬ್ಬಿಯೊಳಗೆ.
ಜೊತೆಗೆ ರಸೀದಿ, ಮೊಹರು ಬಿದ್ದ ವಾರಂಟಿ ಕಾರ್ಡು
(ಮುಗಿಯಲು ಹತ್ತೊಂಬತ್ತು ದಿನ; ಎಣಿಸಿಯೇ ಕಳಿಸಿದ್ದೀರಿ),
ಮತ್ತೆ ಈ ಗೆರೆ ಹೊಡೆದ ಪುಸ್ತಕ.

ಇಲ್ಲಿ ಲ ಸಾಂತ್ಯೇಯಲ್ಲಿ ಸರೋವರ ಹೆಪ್ಪುಗಟ್ಟಿದೆ.
ನನ್ನ ಮೇಜಿನ ಕಿಟಕಿ ಉತ್ತರಕ್ಕೆ.
ದಿನಕ್ಕೆ ಹನ್ನೊಂದು ವಾಚು, ಹನ್ನೊಂದು ದೂರು.
ಹೆಚ್ಚಿನವರದು ಒಂದೇ ಸಾಲು, ಸರಿಯಾಗಿ ಓಡುತ್ತಿಲ್ಲ,
ಕೆಳಗೊಂದು ಸಿಟ್ಟಿನ ಸಹಿ.
ನೀವು ಮಾತ್ರ ಅರವತ್ತೆರಡು ಬೆಳಗು ಬರೆದಿದ್ದೀರಿ,
ರೇಡಿಯೋದ ಏಳು ಗಂಟೆಯ ಕೊನೆಯ ಬೀಪಿಗೆ ಮುಳ್ಳು ಹೋಲಿಸಿ:
ನಾಲ್ಕು ಸೆಕೆಂಡು ಮುಂದೆ. ನಾಲ್ಕು. ಐದು. ನಾಲ್ಕು.
ಸೇತುವೆ ಕಾಯುವವರ ಕೈಬರಹ,
ದೋಣಿಯ ಹೆಸರು, ಗಾಳಿಯ ದಿಕ್ಕು, ಎತ್ತಿದ ಹೊತ್ತು, ಇಳಿಸಿದ ಹೊತ್ತು
ಬರೆದೂ ಬರೆದೂ ನೆಟ್ಟಗಾದ ಅಕ್ಷರ.

ಮೂರನೆಯ ಪುಟದಲ್ಲಿ ಮೆಟ್ಟಿಲು.
ನಲವತ್ತೊಂದು. ನಲವತ್ತು. ನಲವತ್ತೊಂದು.
ಮುಂದಿನ ವಾರ ತೊಂಬತ್ತಾರು.
ಈ ವಾಚು ನನಗಿಂತ ಮೊದಲು ಮುದುಕನಾಗುತ್ತಿದೆ
ಅಂತ ಒಂದು ಷರಾ.

ಮೇಲ್ವಿಚಾರಕ ಗೋಲೆ ಮುಟ್ಟದೆಯೇ ಅಂದ:
ಬೀಳಿಸಿದ್ದಾರೆ. ಬೀಳಿಸಿಲ್ಲ ಅಂತಾರೆ. ಎಲ್ಲರೂ ಹಾಗೇ.
ಬಿದ್ದಿರಲಿಲ್ಲ. ಬೆನ್ನು ಬಿಚ್ಚಿದೆ.
ಎಣ್ಣೆ ಒಣಗಿರಲಿಲ್ಲ, ಅಚ್ಚಿನ ಮೊನೆ ಮುರಿದಿರಲಿಲ್ಲ.
ಮೈಕಿನ ಮೇಲೆ ಮಲಗಿಸಿ ಆಲಿಸಿದೆ,
ಮುಖ ಮೇಲೆ, ಮುಖ ಕೆಳಗೆ, ಕೀಲಿ ಎಡಕ್ಕೆ.
ಹೇಗೆ ಹೊರಳಿಸಿದರೂ ಅದೇ ಏದುಸಿರು.
ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಕಂಡೆ:
ಅರಳಿ ಮುದುಡಬೇಕಾದ ಕೂದಲೆಳೆಯ ಸ್ಪ್ರಿಂಗಿನಲ್ಲಿ
ಎರಡು ಸುತ್ತು ಒಂದಕ್ಕೊಂದು ಅಂಟಿದ್ದವು,
ಒಂದೇ ಕಂಬಳಿಯ ಮಕ್ಕಳ ಹಾಗೆ.
ದಿಕ್ಸೂಚಿ ತಂದು ಪಕ್ಕಕ್ಕಿಟ್ಟೆ.
ಮುಳ್ಳು ಉತ್ತರ ಬಿಟ್ಟು ನಿಮ್ಮ ಕಡೆ ತಿರುಗಿತು.

ಆಗ ಅಂಚು ಓದಿದೆ.
ಜಿಗಿದ ಬೆಳಗೆಲ್ಲ ಗುರುವಾರ.
ಹಿಂದಿನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ, ಚಿಕ್ಕದಾಗಿ:
ಬುಧವಾರ. ಫೊಪ್ಪೆ. ಒಂದು ಸೈಕಲ್.
ಬುಧವಾರ. ಫೊಪ್ಪೆ. ಬಾಗಿದ ಚಾಕು, ಏಳು ಸೆಂಟು.
ಬುಧವಾರ. ಫೊಪ್ಪೆ. ಬೀಗ. ಬೀಗದ ಕೈ ಇಲ್ಲ.

ಪ್ಯಾಕಿಂಗಿನ ಹಿಲ್ಟ್ಯೆ ನಿಮ್ಮ ಕಡೆಯವಳು, ನಕ್ಕಳು.
ನಮ್ಮಲ್ಲಿ ಬುಧವಾರ ಮಧ್ಯಾಹ್ನ ಶಾಲೆ ಇರೋದಿಲ್ಲ,
ಹುಡುಗರು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಕಾಲುವೆಗೆ ಬಿಡ್ತಾರೆ,
ಮೀನಿಗಲ್ಲ, ಕಬ್ಬಿಣಕ್ಕೆ.

ಚಾಕು ಸರಿ. ಸೈಕಲ್ಲು ಒಬ್ಬ ಹುಡುಗನ ಕೈಗೆ ಬಗ್ಗುವ ಭಾರವಲ್ಲ.
ನೀವು ಕಾವಲು ಕೋಣೆಯಿಂದ ಇಳಿದಿದ್ದೀರಿ,
ಕಟ್ಟೆಗೆ ಕಾಲು ಕೊಟ್ಟು ಎಳೆದಿದ್ದೀರಿ,
ಕೆಸರು ಸುರಿಸುತ್ತ ಅದು ಮೇಲೆ ಬಂದಾಗ
ನಿಮ್ಮ ಎಡ ಮಣಿಕಟ್ಟು ಅಯಸ್ಕಾಂತದಿಂದ ಒಂದು ಗೇಣು.

ವಾರಂಟಿಯ ಆರನೆಯ ಕಲಮು:
ನೀರು, ಪೆಟ್ಟು, ಅಯಸ್ಕಾಂತ ಇದಕ್ಕೆ ಸೇರುವುದಿಲ್ಲ.
ನೂರ ಎಂಬತ್ತು ಫ್ರಾಂಕು.
ಗುಣವಾಗಲು ಬೇಕಾದದ್ದು ಒಂದು ಗುಂಡಿ, ಒಂದು ಝುಂ.
ಮುಳ್ಳು ಉತ್ತರಕ್ಕೆ ಮರಳಿತು.
ಮತ್ತೆ ನಾಲ್ಕು ಸೆಕೆಂಡು ಮುಂದೆ.
ಆ ನಾಲ್ಕನ್ನೂ ಕಳೆಯಬಹುದಿತ್ತು. ಕಳೆಯಲಿಲ್ಲ.
ಅದಕ್ಕೆ ಅದು ಸ್ವಭಾವ, ನಿಮಗೆ ಅಭ್ಯಾಸ.

ಫಾರಂನಲ್ಲಿ ಮೂರೇ ಚೌಕ.
ತಯಾರಿಕೆಯ ದೋಷ. ಬಳಕೆದಾರರ ದೋಷ. ದೋಷ ಕಂಡುಬಂದಿಲ್ಲ.
ಇಪ್ಪತ್ತಾರು ವರ್ಷದಲ್ಲಿ ಒಂದು ಸುಳ್ಳು ಗುರುತು ಹಾಕಿದವಳಲ್ಲ ನಾನು.
ಗೋಲೆ ಊಟಕ್ಕೆ ಹೋಗುವವರೆಗೂ
ಒಂದು ಚೊಕ್ಕ ಗಾಜನ್ನು ಒರೆಸುತ್ತ ಕೂತೆ,
ಆಮೇಲೆ ಮೂರನೆಯದಕ್ಕೆ ಹಾಕಿದೆ.

ಚೀಟಿಯ ಹಿಂದೆ, ನಿಮ್ಮ ಹಾಗೇ ಪೆನ್ಸಿಲಿನಲ್ಲಿ:
ಬುಧವಾರ ವಾಚನ್ನು ಮೊಳೆಗೆ ನೇತುಹಾಕಿ ಇಳಿಯಿರಿ.
ಇಳಿಯುವುದನ್ನು ಬಿಡಬೇಡಿ, ಅಂತಲೂ ಬರೆದು ಅಳಿಸಿದೆ,
ಅದು ನಮ್ಮ ಇಲಾಖೆಯದಲ್ಲ.

ಇನ್ನೊಂದು ಕೇಳುವುದಿತ್ತು, ಜಾಗ ಉಳಿಯಲಿಲ್ಲ.
ಆ ಸೈಕಲ್ಲಿಗೆ ಗಂಟೆ ಇತ್ತೇ?
ಕೆಸರು ತೊಳೆದ ಮೇಲೆ
ಹೊಡೆಯಿತೇ?