ಉಣ್ಣಿ

ಮುಕ್ತಾ ಧುಮಾಳ ಇದಕ್ಕೆ ಗೋಚೀಡ ಅನ್ನುತ್ತಾಳೆ.
ಪುಣೆಯ ಈ ಪ್ರಯೋಗಾಲಯದಲ್ಲಿ
ಉಣ್ಣಿ ಎಂದು ಕೇಳಿಸುವುದು ನನ್ನೊಬ್ಬಳಿಗೇ,
ಕೇಳಿಸಿದಾಗಲೆಲ್ಲ ಪಂಕ್ತಿಯ ತುದಿಯಿಂದ ದೊಡ್ಡಮ್ಮ
ಸೌಟು ಹಿಡಿದು ಬಂದಂತೆ:
ಸಂಕೋಚ ಬೇಡ, ಉಣ್ಣಿ.

ಇದು ಉಣ್ಣುವುದು ಜನ್ಮಕ್ಕೆಲ್ಲ ಮೂರೇ ಸಲ.
ಆರು ಕಾಲಿನ ಮರಿಯಾಗಿ ಒಮ್ಮೆ,
ಎಂಟು ಮೂಡಿದ ಮೇಲೆ ಒಮ್ಮೆ,
ಮೊಟ್ಟೆಗೆ ಮುಂಚೆ ಕೊನೆಯದೊಂದು.
ನಡುವೆ ತಿಂಗಳುಗಟ್ಟಲೆ ತರಗೆಲೆಯ ಅಂಚಿನಲ್ಲಿ
ಮುಂಗಾಲು ಚಾಚಿ ಕಾಯುವುದು,
ಇಲಿಯೋ, ಮಂಗನೋ, ಗೇರುಬೀಜ ಹೆಕ್ಕುವ ಹೆಂಗಸೋ,
ಯಾರ ಉಸಿರಾದರೂ ಸರಿ.
ಹಾಗೆ ನೋಡಿದರೆ ಮಿತಾಹಾರಿ.

ಪೆಟ್ಟಿಗೆ ಗೋವಾದಿಂದ ರಾತ್ರಿ ಬಸ್ಸಿನಲ್ಲಿ ಬಂತು.
ಸೀಸೆಗೊಂದು ಚೀಟಿ, ಪುಂಡಲೀಕ ಗಾಂವಕರನ ಓರೆ ಅಕ್ಷರ:
ಸತ್ತರಿ. ಗೇರುತೋಟದ ಮೇಲುಬದಿ.
ಮಂಗ ಬಿದ್ದಲ್ಲಿಂದ ನಲವತ್ತು ಹೆಜ್ಜೆ.
ಬಿಳಿ ಫ್ಲಾನೆಲ್ ಬಟ್ಟೆ ನೆಲದ ಮೇಲೆ ಎಳೆದೆಳೆದು ಹಿಡಿದವು.
ಒಂದು ಪುಟ್ಟ ಸೀಸೆಗೆ ಮಾತ್ರ ಪೆನ್ಸಿಲ್ಲಿನಲ್ಲಿ:
'ಇವು ನನ್ನ ಸಾಕ್ಸಿನಿಂದ.'
ಮುಕ್ತಾ ನಕ್ಕಳು. ನಾನೂ.

ತಣ್ಣನೆಯ ತಟ್ಟೆಗೆ ಸುರಿದೆವು, ಎಳ್ಳು ಚೆಲ್ಲಿದ ಹಾಗೆ.
ಮಸೂರದಡಿ ಒಂದೊಂದರ ಮೋರೆ ನೋಡಿ
ಕುಲ ಯಾವುದು, ಜಾತಿ ಯಾವುದು
(ಇಲ್ಲಿ ಕೇಳಲೇಬೇಕು)
ಇಪ್ಪತ್ತೈದರ ಗುಂಪು ಮಾಡಿದೆವು.
ಸಾಕ್ಸಿನವು ಏಳೇ, ಅವು ಹನ್ನೊಂದನೆಯ ಗುಂಪು.
ಆಮೇಲೆ ಒಳಕೋಣೆ, ಎರಡು ಜತೆ ಕೈಗವಸು,
ಅರೆದ ಮೇಲೆ ಎಲ್ಲ ಒಂದೇ ಬೂದು ಗಂಜಿ.

ಯಂತ್ರ ಸುತ್ತು ಎಣಿಸುತ್ತಿತ್ತು. ಇಪ್ಪತ್ತು. ಇಪ್ಪತ್ತೈದು.
ಗೆರೆಗಳು ಮಲಗಿಯೇ ಇದ್ದವು.
ನಾನು ನೋಡುವುದು ಯಾವಾಗಲೂ ಕೊನೆಯ ಕೊಳವೆಯನ್ನು,
ಬರೀ ನೀರು ಹಾಕಿದ್ದು.
ಅದು ಎದ್ದರೆ ತಪ್ಪು ನನ್ನದು, ಎಲ್ಲ ಮೊದಲಿಂದ.
ಅವತ್ತು, ಹೇಳಬಾರದು,
ನೀರೇ ಏಳಲಿ ಅಂದುಕೊಂಡೆ.

ನೀರು ಅಲುಗಲಿಲ್ಲ.
ಇಪ್ಪತ್ತೊಂಬತ್ತರಲ್ಲಿ ಹನ್ನೊಂದು ತಲೆಯೆತ್ತಿತು.

ಮತ್ತೆ ಓಡಿಸು, ಅಂದಳು ಮುಕ್ತಾ. ಓಡಿಸಿದೆ.
ಎದ್ದಿತು.
ಏಳರಲ್ಲಿ ಯಾವುದು, ಕಚ್ಚಿದ್ದೋ ಕಚ್ಚದ್ದೋ,
ಅರೆದವರು ನಾವು, ಇನ್ನು ಕೇಳುವಂತಿಲ್ಲ.
ವರದಿಯಲ್ಲಿ ಕಾಯಿಲೆಗೆ ಮೂರೇ ಅಕ್ಷರ,
ಮೊದಲಿನದು ನಮ್ಮ ಕಡೆಯ ಒಂದು ಊರು,
ಮುಕ್ತಾ ಅದನ್ನು ಕೇ ಎಂದಷ್ಟೇ ಓದುತ್ತಾಳೆ.

ವಾಳಪೈಯ ಆಸ್ಪತ್ರೆಗೆ ಅವಳು ಫೋನು ಹಚ್ಚಿದಳು,
ಪುಂಡಲೀಕನಿಗೆ ನಾನು.
ಜ್ವರ? ಇಲ್ಲ. ತಲೆನೋವು?
ಇಲ್ಲ ಬಾಯಿ, ಈಗಷ್ಟೇ ಊಟಕ್ಕೆ ಕೂತೆ, ಯಾಕೆ?
ಹಿಂದೆ ತಟ್ಟೆಯ ಸದ್ದು, ಯಾರೋ ಮೀನು ಬಡಿಸುತ್ತಿದ್ದರು.
ನಾಲಿಗೆಯ ತುದಿಗೆ ಬಂದದ್ದು ಒಂದೇ ಮಾತು,
ಅದನ್ನು ನುಂಗಿಕೊಂಡೆ.
ಸಾಕ್ಸು ಬಿಚ್ಚಿದ್ದು ಯಾವ ದಿನ, ಅಂತ ಕೇಳಿದೆ.