ಇನ್ನೂರ ಐವತ್ತೈದನೆಯವಳು

ಕಿಲಿಂಡಿನಿ ಬಂದರಿನ ಬೆನ್ನಿಗಂಟಿದ ಈ ಕಚೇರಿಯಲ್ಲಿ
ಮೊದಲಿಗೆ ಹನ್ನೊಂದೇ ಮಂದಿ ಇದ್ದರಂತೆ.
ಒಂದೇ ಕೇರಿ.
ಒಬ್ಬರು "ಪ್ರಿಂಟರ್ ಎಲ್ಲಿ?" ಎಂದು ಕೂಗಿದರೆ
ಎಲ್ಲರ ಕಿವಿಗೂ ಬೀಳುತ್ತಿತ್ತು,
ಊರಿಗೊಬ್ಬಳೇ ಪದ್ಮಾವತಿ
ಗತ್ತಿನಿಂದ ಓಗೊಡುತ್ತಿದ್ದಳು.

ಆಮೇಲೆ ಮೇಲಿನ ಮಹಡಿ ಹಿಡಿದರು,
ಚಹಾ ಮೂಟೆಗಳಿಗೆ ಪಕ್ಕದ ಗೋದಾಮು,
ಬಾಗಿಲಿಗೆ ಬೆರಳೊತ್ತುವ ಯಂತ್ರ, ಗೋಡೆಗೆ ಕ್ಯಾಮೆರಾ,
ಜೇಬಿಗೊಂದು ಫೋನು, ಫೋನಿಗೂ ಒಂದು ಬಾಯಿ.
ಎಲ್ಲರೂ ಕೂಗುವವರೇ.

ನಾನು ವೋಯಿಯಿಂದ ಬಂದು ಕೂತ ದಿನ
ವಿಳಾಸಗಳೆಲ್ಲ ಮುಗಿದಿದ್ದವು.
ಇರುವುದು ಇನ್ನೂರ ಐವತ್ನಾಲ್ಕೇ, ಅಂದಳು ಕಾಡ್ಜೊ.
ಹೊರದೇಶದವರು ಕೆನ್ಯಾಕ್ಕೆ ಫೋನು ಮಾಡುವಾಗ ಒತ್ತುವ ಅಂಕಿ.
"ದೇಶವೇ ಹಿಡಿಸಿತು ಅದರಲ್ಲಿ, ರಿಜಿಕಿ, ನೀನು ಹಿಡಿಸಲಿಲ್ಲ ನೋಡು."
ಯಾರೂ ಕೊಡದ್ದಕ್ಕೆ ನನ್ನ ಲ್ಯಾಪ್‌ಟಾಪು
ತನಗೆ ತಾನೇ ಒಂದು ವಿಳಾಸ ಬರೆದುಕೊಂಡು
ಜನವಿಲ್ಲದ ಬೀದಿಯಲ್ಲಿ
ಬಾಗಿಲು ತೆರೆದು ಕೂತಿತ್ತು.
ನಾನೂ ಆಗ ಹಾಗೇ, ಚಂಗಾಮ್ವೆಯ ಬಾಡಿಗೆ ಕೋಣೆಯಲ್ಲಿ.

ಶನಿವಾರ ರಾತ್ರಿ ಕಾಡ್ಜೊ ನಾಲ್ಕು ಕೇರಿ ಮಾಡಿದಳು:
ಲೆಕ್ಕದವರದು, ಗೋದಾಮಿನದು, ಕ್ಯಾಮೆರಾಗಳದು,
ಅತಿಥಿಗಳದು.
ಪ್ರತಿಯೊಂದಕ್ಕೂ ಒಂದು ಮುಖವಾಡ.
ಮುಖ ಮುಚ್ಚುವುದಕ್ಕಲ್ಲವಂತೆ ಅದು,
ಯಾರು ನಮ್ಮ ಕೇರಿಯವರು, ಯಾರು ಆಚೆಯವರು
ಎಂದು ಎಣಿಸುವುದಕ್ಕೆ.
ಇನ್ನು ಕೂಗು ಕೇರಿ ದಾಟುವುದಿಲ್ಲ.
ದಾಟಬೇಕಾದವರು ಹೊಸಿಲಿಗೆ ಹೋಗಿ ಹೇಳಬೇಕು.

ಸೋಮವಾರ ತೂಕದ ಕಟ್ಟೆ ಮೂಕವಾಯಿತು.
ಲಾರಿಗಳು ರಸ್ತೆಯವರೆಗೆ.
ಮ್ಜೀ ಚೆಂಗೊ ಯಂತ್ರದ ನೆತ್ತಿ ತಟ್ಟಿದ, ಬೈದ,
ಕೊನೆಗೆ ನನ್ನ ಕಿಟಕಿಯ ಕೆಳಗೆ ನಿಂತು
ತೂಕವನ್ನು ತಾನೇ ಕೂಗತೊಡಗಿದ:
"ಹನ್ನೆರಡು ಸಾವಿರದ ಮುನ್ನೂರ ನಲವತ್ತು!"
ನಾನು ಕೈಯಲ್ಲಿ ಬರೆದುಕೊಂಡೆ.

ಕಾಡ್ಜೊ ಪೆನ್ನಿನ ತುದಿಯಿಂದ ಒತ್ತಿ ನೋಡಿದಳು.
ಅಂಕಿ ಸರಿ. ಮುಖವಾಡ ಸರಿ.
ಮುಂದಿನ ಪುಟವನ್ನು ಆ ರಾತ್ರಿ, ಮೂರು ಗಂಟೆಗೆ,
ತೆರೆದೇ ಇರಲಿಲ್ಲ ಅವಳು.
ಹೊಸಿಲಿನ ಜಾಗದಲ್ಲಿ
ಸೊನ್ನೆ. ಸೊನ್ನೆ. ಸೊನ್ನೆ. ಸೊನ್ನೆ.

ಒಂಬತ್ತು ವರ್ಷ
ಆಚೆ ಅನ್ನುವುದು ಒಂದಿದೆ ಎಂದೇ
ಯಾರೂ ಹೇಳಿರಲಿಲ್ಲ ಅದಕ್ಕೆ.
ಪಕ್ಕದಲ್ಲಿ, ಬಿಸಿಲಿಗೆ ಹಳದಿಗಟ್ಟಿದ ಚೀಟಿ,
ಕೂರಿಸಿದವರ ಸಹಿ.
ಅವಳದೇ.

"ಆಗ ದಾಟಿ ಹೋಗುವ ಕಡೆಯೇ ಇರಲಿಲ್ಲವಲ್ಲ,"
ಅಂದಳು, ಚೆಂಗೊನಿಗೋ, ಯಂತ್ರಕ್ಕೋ.

ಒಂದು ಅಂಕಿ ಒತ್ತಿದ್ದೇ ತಡ
ನನ್ನ ಪರದೆಯ ಮೇಲೆ ತೂಕ ಮೂಡಿತು.
"ಬಂತು!" ಎಂದು ಕಿಟಕಿಯಿಂದ ಕೂಗಿದೆ.
ಚೆಂಗೊನಿಗೆ ಕೇಳಿಸಿತು.
ಲಾರಿಯವನಿಗೂ,
ಬೇಲಿಯ ಆಚೆ ಕಹಾವಾ ಮಾರುವವನಿಗೂ.

ಕಾಡ್ಜೊಳ ಪುಸ್ತಕದಲ್ಲಿ ಐದನೆಯ ಕೇರಿ ಒಂದಿದೆ,
ಪೆನ್ಸಿಲ್ಲಿನಲ್ಲಿ. ಇನ್ನೂ ಯಾರೂ ಬಂದಿಲ್ಲ.
ಹೊಸಿಲು ಮಾತ್ರ ಬರೆದಾಗಿದೆ, ಶಾಯಿಯಲ್ಲಿ.