ಕಪಾಟಿನ ಬಾಗಿಲ ಹಿಂದಿನ ಲೆಕ್ಕ

ಮರ್ಥರ್ ಊರಿನ ಏರುಬೀದಿಯಲ್ಲಿ
ಹೆಗಲಿಗೆ ಹೆಗಲು ಕೊಟ್ಟು ನಿಂತ ಮನೆಗಳ ಸಾಲು.
ಹನ್ನೊಂದನೆಯದು ನಮ್ಮದು. ನಮ್ಮದೆಂದರೆ,
ತಿಂಗಳ ಒಂದನೇ ತಾರೀಕು ಪ್ರೊಬರ್ಟ್ ಸಾಹೇಬರದು,
ಉಳಿದ ದಿನ ನನ್ನದು, ಮಗ ಯೋಲೊನದು,
ಮತ್ತೆ ಅಡುಗೆಮನೆಯ ಕಪಾಟಿನಲ್ಲಿ ಗುರುಗುಡುವ
ಆ ಬಿಳಿ ಪೆಟ್ಟಿಗೆಯದು.

ಅದರ ಹೊಟ್ಟೆಯ ಮೇಲೊಂದು ಗಡಿಯಾರ.
ಗಂಟೆ ಹೇಳುವುದಿಲ್ಲ. ಇರುವುದು ಒಂದೇ ಮುಳ್ಳು.
ಹಸಿರು ಪಟ್ಟಿಯೊಳಗಿದ್ದರೆ ಬಿಸಿನೀರು;
ಕೆಳಗಿಳಿದರೆ ಕೆಂಪು ದೀಪ,
ಮಿಣಕ್, ಮಿಣಕ್.

ರಾತ್ರಿಯೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ
ಹಬೆಯ ನಡುವೆ ಹಾಸಿಗೆಬಟ್ಟೆ ಮಡಿಸುತ್ತೇನೆ.
ಯಾರದೋ ಹೆರಿಗೆ, ಯಾರದೋ ಕೊನೆ,
ಎಲ್ಲವೂ ಒಂದೇ ಬಿಳುಪಿಗೆ ಬರುತ್ತವೆ.
ಬೆವೆತು ಮನೆಗೆ ಬಂದರೆ
ಮಗನ ಜೊತೆಗೆ ಮಲಗಿದ್ದ ತಂಗಿಯ ಕಾಲಿಗೆ ಮೂರು ಜೊತೆ ಕಾಲುಚೀಲ.
ಯೋಲೊ ಕೋಟು ತೊಟ್ಟೇ ತಿಂಡಿ ತಿನ್ನುತ್ತಿದ್ದಾನೆ,
ಬಾಯಿಂದ ಹೊಗೆಯುಸಿರು ಬಿಟ್ಟು
"ನೋಡಮ್ಮ, ನಾನು ಡ್ರ್ಯಾಗನ್" ಎನ್ನುತ್ತಾನೆ.
ನಗಬೇಕು. ನಗುತ್ತೇನೆ.
ಮುಳ್ಳು 0.4.

ಮಂಡಿಯೂರಿ, ಕಪಾಟಿನೊಳಗೆ ತಲೆ ತೂರಿಸಿ,
ಜಡೆ ಹೆಣೆದಂಥ ಉಕ್ಕಿನ ಕೊಳವೆಯ
ಎರಡು ಕರೀ ಕಿವಿಗಳನ್ನು ಮೆಲ್ಲಗೆ ಹಿಂಡಬೇಕು.
ಸುಯ್ಯೆಂದು ನೀರು ನುಗ್ಗುತ್ತದೆ, ಮುಳ್ಳು ಏಳುತ್ತದೆ.
ಅವಸರ ಮಾಡಿದರೆ ಮೂರು ದಾಟುತ್ತದೆ.
ಒಮ್ಮೆ ಹಾಗೇ ಆಗಿ, ಹೊರಗೋಡೆಯ ತಾಮ್ರದ ಮೂತಿಯಿಂದ
ಗ್ವಿಲಿಮ್ ತಾತನ ಪಾರಿವಾಳದ ಗೂಡಿನ ಮೇಲೆ ಬಿಸಿ ಮಳೆ.
ಹಕ್ಕಿಗಳಿಗೇನೂ ಆಗಲಿಲ್ಲ. ಆದರೆ ಅವತ್ತು ತಿಳಿಯಿತು,
ನಮ್ಮ ವೆಲ್ಷ್ ನುಡಿ ಇನ್ನೂ ಸತ್ತಿಲ್ಲ,
ಬೈಗುಳದಲ್ಲಂತೂ ಗಟ್ಟಿಮುಟ್ಟಾಗಿದೆ.

ಫೋನಿನಲ್ಲಿ ಪ್ರೊಬರ್ಟ್ ಸಾಹೇಬರದು
ಅಡ್ಡಗೋಡೆಯ ಮೇಲಿಟ್ಟ ದೀಪ.
"ಹಳೇ ಮನೆ, ನೆರಿಸ್. ಸ್ವಲ್ಪ ನೀರು ತುಂಬಿಸಿಕೊಳ್ಳಿ."
ಇನ್ನೊಮ್ಮೆ, "ನೀವು ಬರುವ ಮುಂಚೆ ಸರಿಯಾಗೇ ಇತ್ತಲ್ಲ?"
ಆ 'ಅಲ್ಲ'ದ ತುದಿಯಲ್ಲೊಂದು ಕೊಕ್ಕೆ.
ನಾನೇನು ನಡುರಾತ್ರಿ ಎದ್ದು ಅವರ ನೀರು ಕುಡಿಯುತ್ತೇನೆಯೆ?
ದಿನಾ ತುಂಬಿಸಿದ್ದು ದಿನಾ ಎಲ್ಲಿಗೆ ಹೋಗುತ್ತದೆ?
ಗೋಡೆ ಒಣ. ರೇಡಿಯೇಟರುಗಳಡಿ ಬೆರಳಾಡಿಸಿದೆ, ಒಣ.
ನೆಲಕ್ಕೆ ಕಿವಿಯಿಟ್ಟೆ.
ಮನೆ ಉಸಿರು ಬಿಗಿಹಿಡಿದಿತ್ತು,
ಕಳ್ಳನನ್ನು ಬಚ್ಚಿಟ್ಟವರ ಹಾಗೆ.

ಫೆಬ್ರವರಿಯ ಒಂದು ಬೆಳಗ್ಗೆ ಟಾರ್ಚು ಕೈಜಾರಿ
ಬೆಳಕು ಕಪಾಟಿನ ಬಾಗಿಲ ಒಳಮೈಗೆ ಬಿತ್ತು.
ಪೆನ್ಸಿಲಿನ ಸಣ್ಣ ಬರಹ, ಕಿರಾಣಿ ಲೆಕ್ಕದ ಹಾಗೆ:
ನವೆಂಬರ್ 9, 1.3
ನವೆಂಬರ್ 10, 0.7
ನವೆಂಬರ್ 11, 0.3, ತುಂಬಿಸಿದೆ.
ಕೆಳಗೆ, ಇನ್ನೂ ಕೆಳಗೆ, ಎರಡು ಚಳಿಗಾಲ.
ಒಂದು ಕಡೆ, ಅವರಿಗೆ ಹೇಳಿದೆ.
ಎಂಟು ಸಾಲು ದಾಟಿ, ಅವರಿಗೆ ಹೇಳಿದೆ.
ಆಮೇಲೆ ಬರೀ ಅಂಕಿ.
ಒಂದೇ ಒಂದು ದಿನ ಅಂಕಿಯಿಲ್ಲ:
ಮಗು ಹುಟ್ಟಿತು.
ಮಾರನೆಯ ದಿನ, 0.2.

ಹೆಸರಿಲ್ಲ. ಏಳರ ನಡುವಿಗೆ ಅಡ್ಡಗೀಟು ಹಾಕುವ ಕೈ.
ಅಂಚೆಯವನು ಇನ್ನೂ ಒಮ್ಮೊಮ್ಮೆ ತಂದುಹಾಕುವ
ಲಕೋಟೆಯ ಮೇಲಿನ ಬೊಗುಮಿಲಾ
ಇವಳೇ ಇರಬಹುದು. ಇಲ್ಲದೆಯೂ ಇರಬಹುದು.
ನಾನು ಮಂಡಿಯೂರಿದಲ್ಲೇ ಅವಳೂ ಊರಿದ್ದಳು, ಬಸುರಿ,
ಅಷ್ಟು ಮಾತ್ರ ಖಾತ್ರಿ.

ಫೋಟೊ ತೆಗೆದು ಸಾಹೇಬರಿಗೆ ಕಳಿಸಿದೆ,
ಜೊತೆಗೆ ಒಂದಕ್ಷರ ಬರೆಯದೆ.
ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಟೆಗ್ವೆನ್ ಬಂದಳು,
ಕಿವಿಯ ಹಿಂದೆ ಸಿಗರೇಟು, ಕೈಯಲ್ಲಿ ಸನಿಕೆ,
ಮೆಟ್ಟಿಲ ಬುಡದ ಹಲಗೆ ಎತ್ತಿದಳು.
ಹಸಿರುಗಟ್ಟಿದ ತಾಮ್ರದ ಮೊಣಕೈ.
ಒಂದು ಹನಿ.
ಹದಿನಾಲ್ಕು ಎಣಿಸಿದೆ. ಇನ್ನೊಂದು.
ಕೆಳಗಿನ ಮಣ್ಣು ಅಷ್ಟನ್ನೂ ಕುಡಿದು
ಏನೂ ಅರಿಯದಂತೆ ಮಲಗಿತ್ತು.
"ವರ್ಷಗಳಿಂದ ಹೀಗೇ ಇದೆ," ಅಂದಳು, "ನಿಮ್ಮ ಕಾಲದ್ದಲ್ಲ."
ಅವಳ ಚಹಾಕ್ಕೆ ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿದೆ.

ಈಗ ಮುಳ್ಳು ನಿಂತಲ್ಲೇ ನಿಂತಿದೆ.
ಜೂನಿನಿಂದ ಬಾಡಿಗೆ ನಲವತ್ತು ಪೌಂಡು ಹೆಚ್ಚೆಂದು ಕಾಗದ ಬಂದಿದೆ,
ಅದನ್ನು ಎಲ್ಲಿಂದ ತುಂಬಿಸುವುದೋ, ಅದಕ್ಕೆ ಕರೀ ಕಿವಿಗಳಿಲ್ಲ.
ಆದರೂ ಬಾಗಿಲ ಹಿಂದೆ, ಅವಳ ಕೊನೆಯ ಸಾಲಿನ ಕೆಳಗೆ
ಬರೆದೆ: ಮಾರ್ಚ್ 3, 1.4
ಮಾರ್ಚ್ 4, 1.4
ಪಕ್ಕದಲ್ಲಿ ಯೋಲೊ ಒಂದು ಡ್ರ್ಯಾಗನ್ ಬಿಡಿಸಿದ್ದಾನೆ,
ಬಾಯಿ ಮುಚ್ಚಿಕೊಂಡು ನಿದ್ದೆ ಹೋಗಿರುವುದು.